ಮೇಜಿನ ಮೇಲೆ ಇಟ್ಟ ಅಂಗೈ

ನನ್ನ ಗೆಳತಿಗೆ ಎಂಬಿಎ ಸೀಟು ಸಿಗದೇ ಹೋದದ್ದಕ್ಕೆ ನಮ್ಮ ಕಡೆ ಒಂದೇ ಕಾರಣ ಚಾಲ್ತಿಯಲ್ಲಿದೆ. ಗುಂಪು ಚರ್ಚೆಯಲ್ಲಿ ಇಂಗ್ಲಿಷಿನ ಹೆದರಿಕೆಗೆ ಅವಳ ಬಾಯಿ ಕಟ್ಟಿತು, ಹದಿನೈದು ನಿಮಿಷ ಸುಮ್ಮನೆ ಕೂತು ಎದ್ದು ಬಂದಳು. ವಾಮದಪದವಿನ ಅವಳ ಮನೆಯವರು ಹೀಗೆ ಹೇಳುತ್ತಾರೆ. ಮೂಡುಬಿದಿರೆಯಲ್ಲಿ ನಮ್ಮಿಬ್ಬರಿಗೂ ತರಬೇತಿ ಕೊಟ್ಟ ನನ್ನ ಸೋದರಮಾವ ಹೀಗೆ ಹೇಳುತ್ತಾರೆ. ನಮ್ಮ ಜೊತೆ ಅಭ್ಯಾಸ ಮಾಡಿದ ಬೆಳ್ತಂಗಡಿಯ ಹುಡುಗನಂತೂ ಸ್ವಲ್ಪ ಅಭಿನಯ ಸೇರಿಸಿಯೇ ಹೇಳುತ್ತಾನೆ, ಅವನು ಆ ದಿನ ಅಲ್ಲಿರಲೇ ಇಲ್ಲ ಎಂಬುದು ಬೇರೆ ಮಾತು. ಅದೇ ಚರ್ಚೆಯಲ್ಲಿ ಅವಳ ಎದುರಿಗೆ ಕೂತು, ಮಾತಾಡಿ, ಸೀಟು ಪಡೆದವಳು ನಾನು. ನನ್ನನ್ನು ಯಾರೂ ಕೇಳಿದ್ದಿಲ್ಲ.

ಕಾಲೇಜಿನ ದಿನಗಳಲ್ಲಿ ಚರ್ಚಾ ಸ್ಪರ್ಧೆಗಳಿಗೆ ಹೋಗಿ ಹೋಗಿ ನನಗೊಂದು ಚಾಳಿ ಅಂಟಿಕೊಂಡಿದೆ. ಯಾರು ಏನು ಹೇಳಿದರೂ ಹಳೆಯ ಕುರ್ಚಿಯ ಕಾಲು ಅಲ್ಲಾಡಿಸಿ ನೋಡುವ ಹಾಗೆ ಅದನ್ನೊಮ್ಮೆ ಅಲ್ಲಾಡಿಸಿ ನೋಡುವುದು. ಈ ಹೇಳಿಕೆಯನ್ನೂ ನೋಡುವ. ಇಂಗ್ಲಿಷಿನ ಹೆದರಿಕೆ ಎನ್ನುತ್ತೀರಿ. ಅವಳು ಎರಡು ವರ್ಷ ಬೆಳ್ತಂಗಡಿಯ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸಿದವಳು. ಹತ್ತನೇ ಕ್ಲಾಸಿನ ಹುಡುಗರನ್ನು ಇಂಗ್ಲಿಷಿನಲ್ಲಿ ಬೈದು ಸುಮ್ಮನಾಗಿಸಬಲ್ಲವಳಿಗೆ ಆಯ್ಕೆ ನಡೆದ ಹೋಟೆಲಿನ ಹಾಲ್‌ನಲ್ಲಿ ಹತ್ತು ಜನರ ಹೆದರಿಕೆಯೇ? ಸರಿ, ಸ್ವಭಾವವೇ ಸಂಕೋಚದ್ದು ಅನ್ನುವ. ಸಿದ್ದಕಟ್ಟೆಯಲ್ಲಿ ಒಮ್ಮೆ ಕಂಡಕ್ಟರ್ ಒಬ್ಬ ಚಿಲ್ಲರೆ ಇಲ್ಲವೆಂದು ಒಬ್ಬರು ಅಜ್ಜಿಯನ್ನು ಇಳಿಸಲು ಹೊರಟಾಗ, ಬಸ್ಸಿನ ಬಾಗಿಲಿಗೆ ಅಡ್ಡ ನಿಂತು, "ಅವರು ಇಳಿಯುವುದಾದ್ರೆ ನಾವೆಲ್ಲ ಇಳೀತೇವೆ, ನೀವು ಖಾಲಿ ಬಸ್ಸು ತಕೊಂಡು ಹೋಗಿ" ಎಂದವಳು ಅವಳು. "ನಾವೆಲ್ಲ" ಎನ್ನುವಾಗ ಅವಳು ಯಾರನ್ನೂ ಕೇಳಿರಲಿಲ್ಲ. ನಾನು ಸೀಟು ಹಿಡಿದು ಕೂತಿದ್ದೆ, ನನಗೆ ಇಳಿಯುವ ಮನಸ್ಸೂ ಇರಲಿಲ್ಲ.

ಹಾಗಾದರೆ ಅವಳು ಯಾಕೆ ಮಾತಾಡಲಿಲ್ಲ? ಉತ್ತರ ನನಗೆ ಗೊತ್ತು. ಒಂದು ವರ್ಷದಿಂದ ಗೊತ್ತು. ಅದನ್ನು ಹೊತ್ತುಕೊಂಡು ತಿರುಗಿ ಸುಸ್ತಾಗಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಪ್ರವೇಶ ಪರೀಕ್ಷೆಯ ಫಲಿತಾಂಶ ಬಂದಾಗ ನನಗೆ ಮೂರು ಕಾಲೇಜುಗಳಿಂದ ಕರೆ ಬಂತು, ಅವಳಿಗೆ ಒಂದರಿಂದ. ಆ ಕಾಲೇಜು ನನ್ನ ಮೂರರಲ್ಲಿ ಒಂದಾಗಿತ್ತು. ಅವಳ ಅಪ್ಪನಿಗೆ ವಾಮದಪದವಿನಲ್ಲಿ ಜಿನಸಿನ ಅಂಗಡಿ. ಊರಿನ ಬಸದಿಯ ಮೇಲ್ವಿಚಾರಣೆಯೂ ಅವರ ಮನೆತನದ್ದೇ, ಹಾಗಾಗಿ ಮಾತು ಕಡಿಮೆ, ಆಡಿದ್ದು ಗಟ್ಟಿ. ಅವರು ಮಗಳಿಗೆ ಹೇಳಿದ್ದು ಇಷ್ಟು: "ಒಂದು ಸಲ ನೋಡು. ಆಗದಿದ್ರೆ ಮತ್ತೆ ಆ ಸುದ್ದಿ ಎತ್ಲಿಕ್ಕಿಲ್ಲ." ಶಾಲೆಯ ಮುಖ್ಯೋಪಾಧ್ಯಾಯಿನಿಯೂ ಜೂನ್‌ನಲ್ಲಿ ಇರುತ್ತೀರೋ ಇಲ್ಲವೋ ಈಗಲೇ ಹೇಳಿ ಎಂದು ಒತ್ತಾಯಿಸುತ್ತಿದ್ದರು. ಅಂದರೆ ಅವಳ ಕೈಯಲ್ಲಿ ಇದ್ದದ್ದು ಒಂದು ಕರೆ, ಒಂದು ದಿನ. ನನಗೆ ಅದು ಮೂರರಲ್ಲಿ ಒಂದು. ಈ ಲೆಕ್ಕ ನಮ್ಮಿಬ್ಬರಿಗೂ ಮೊದಲ ದಿನದಿಂದ ಗೊತ್ತಿತ್ತು.

ಮಂಗಳೂರಿನ ಕೋಚಿಂಗ್ ಕ್ಲಾಸು ಅವಳಿಗೆ ದೂರ, ಇಬ್ಬರಿಗೂ ದುಬಾರಿ. ಹಾಗಾಗಿ ಭಾನುವಾರಗಳಂದು ಮೂಡುಬಿದಿರೆಯ ಮಾವನ ಮನೆ. ನಾನು ಫರಂಗಿಪೇಟೆಯಿಂದ ಬಿ.ಸಿ.ರೋಡಿಗೆ ಬಂದು ಬಸ್ಸು ಬದಲಾಯಿಸಬೇಕು, ಅವಳು ದಾರಿಯಲ್ಲಿ ಹತ್ತಿಕೊಳ್ಳಬೇಕು. ಸೆಕೆ, ನಿಂತುಕೊಂಡೇ ಪ್ರಯಾಣ, ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದರಲ್ಲಿ ವಿಷಯಗಳ ಪಟ್ಟಿ. ಯಂತ್ರಗಳು ಮನುಷ್ಯನ ಕೆಲಸ ಕಿತ್ತುಕೊಳ್ಳುತ್ತವೆಯೇ? ಒಂದು ದೇಶ ಒಂದು ತೆರಿಗೆ ಸರಿಯೇ? ಕೆಂಪು ಮೇಲೋ ನೀಲಿ ಮೇಲೋ? ಕೊನೆಯದ್ದು ತಮಾಷೆಯಲ್ಲ, ನಿಜವಾಗಿಯೂ ಕೇಳುತ್ತಾರಂತೆ. ಬೆಳ್ತಂಗಡಿಯ ಹುಡುಗ ಅದನ್ನು ಓದಿ, "ಕೆಂಪು ಅಂದ್ರೆ ಕುಚ್ಚಲಕ್ಕಿ, ನೀಲಿ ಅಂದ್ರೆ ಎಂತದ್ದೂ ಇಲ್ಲ, ಚರ್ಚೆ ಮುಗೀತು" ಎಂದಿದ್ದ.

ಮಾವ ನಿವೃತ್ತ ಕನ್ನಡ ಮೇಷ್ಟ್ರು. ತಾಳಮದ್ದಲೆಯ ಹುಚ್ಚು. ವೇಷ ಇಲ್ಲ, ಕುಣಿತ ಇಲ್ಲ, ಬೈಠಕ್ಕಿನಲ್ಲಿ ಕೂತು ಪಾತ್ರವಾಗಿ ವಾದ ಮಾಡುವುದೇ ಅಲ್ಲಿ ಆಟ, ಅದರಲ್ಲಿ ಅವರು ಹವ್ಯಾಸಿ ಅರ್ಥಧಾರಿ. ಎಂಬಿಎ ಗುಂಪು ಚರ್ಚೆಗೂ ಅವರಿಗೂ ಎಂತ ಸಂಬಂಧ ಎಂದು ಮೊದಲು ಜಗಳ ತೆಗೆದವಳು ನಾನೇ.

"ಮಾವ, ಅಲ್ಲಿ ಎಲ್ಲ ಇಂಗ್ಲಿಷ್."

"ಮೊದಲು ಮಾತು ಬರ್ಲಿ. ಭಾಷೆ ಮತ್ತೆ ಬರ್ತದೆ. ಮಾತೇ ಇಲ್ಲದವ ಇಂಗ್ಲಿಷಿನಲ್ಲಿ ಹೇಳುದು ಎಂತ, ಗುಡ್ ಮಾರ್ನಿಂಗಾ?"

ಅವರು ಒಂದು ನಿಯಮ ತಂದರು. ಊಟದ ಮೇಜಿನ ಸುತ್ತ ಕೂತಾಗ, ಮಾತು ಬೇಕಾದವರು ಅಂಗೈಯನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಡಬೇಕು. ಆಗ ಮಾತಾಡುತ್ತಿರುವವರು ಎರಡು ವಾಕ್ಯದೊಳಗೆ ಮುಗಿಸಿ, "ಇದಕ್ಕೆ ಇವರು ಏನು ಹೇಳ್ತಾರೋ ಕೇಳುವ" ಎಂದು ಅವರಿಗೆ ಬಿಟ್ಟುಕೊಡಬೇಕು. ಕೈ ಕಂಡೂ ಮುಂದುವರಿಸಿದವರು ಕೊನೆಗೆ ಎಲ್ಲರ ಚಹಾ ಲೋಟ ತೊಳೆಯಬೇಕು.

"ಇದು ಕಬಡ್ಡಿಯಾ ಸರ್? ಕೈ ಮುಟ್ಟಿದ್ರೆ ಔಟಾ?" ಎಂದ ಬೆಳ್ತಂಗಡಿಯವ.

"ಅಲ್ಲಿ ಯಾರೂ ಬಿಟ್ಟುಕೊಡುದಿಲ್ಲ ಮಾವ," ಎಂದೆ ನಾನು. "ಅದು ಮೀನು ಮಾರ್ಕೆಟ್. ಎಂಟು ಹತ್ತು ಜನ ಒಟ್ಟಿಗೆ ಬೊಬ್ಬೆ ಹೊಡೀತಾರೆ."

"ಎದುರಿನವನನ್ನು ಮಾತಾಡಿಸ್ಲಿಕ್ಕೆ ಬರದವ ಅರ್ಥಧಾರಿ ಅಲ್ಲ. ಒಬ್ಬನೇ ಮಾತಾಡ್ಲಿಕ್ಕೆ ಹುಚ್ಚನೂ ಸಾಕು."

"ಅವರಿಗೆ ಅರ್ಥಧಾರಿ ಬೇಡ, ಮ್ಯಾನೇಜರ್ ಬೇಕು."

"ಮ್ಯಾನೇಜರ್ ಅಂದ್ರೆ ಎಂತ, ಬೇರೆಯವರ ಬಾಯಿ ಮುಚ್ಚಿಸುವವನಾ? ಲೋಟ ತೊಳಿ ಹೋಗು. ಅವಳು ಆಗ್ಲಿಂದ ಕೈ ಇಟ್ಟಿದ್ದಾಳೆ."

ನೋಡಿದರೆ ಹೌದು. ಗೆಳತಿಯ ಕೈ ಮೇಜಿನ ಮೇಲಿನ ಹೂವಿನ ಪ್ಲಾಸ್ಟಿಕ್ ಹಾಸಿನ ಮೇಲೆ ಮಲಗಿತ್ತು. ಅವಳು ನಗುತ್ತಿದ್ದಳು.

ಜನವರಿಯಲ್ಲಿ ಹೆಚ್ಚು ಲೋಟ ತೊಳೆದವಳು ನಾನು. ಫೆಬ್ರವರಿಗೆ ನನಗೂ ಅಭ್ಯಾಸವಾಯಿತು, ಮಾತಾಡುತ್ತಲೇ ಕಣ್ಣು ಅವಳ ಕೈಯ ಕಡೆ ಹೋಗುತ್ತಿತ್ತು. ಅವಳಿಗೆ ಇನ್ನೊಂದು ಅಭ್ಯಾಸವಾಯಿತು. ಮೊದಲೆಲ್ಲ ನನ್ನ ಮಾತಿನ ನಡುವೆ "ಏ, ನಿಲ್ಲು ಮಾರಾಯ್ತಿ" ಎಂದು ನುಗ್ಗುತ್ತಿದ್ದವಳು ನುಗ್ಗುವುದನ್ನು ಬಿಟ್ಟಳು. ಕೈ ಇಟ್ಟು ಕಾಯುತ್ತಿದ್ದಳು. ಯಾಕೆಂದರೆ ನಾನು ಖಂಡಿತ ಕೊಡುತ್ತಿದ್ದೆ. ಅಭ್ಯಾಸಗಳು ಚೆಂದವಾಗಿ ನಡೆಯತೊಡಗಿದವು. ಜಗಳ ಇಲ್ಲ, ಬೊಬ್ಬೆ ಇಲ್ಲ, ಇಂಗ್ಲಿಷಿಗೆ ಬದಲಾಯಿಸಿದ ಮೇಲೂ ಅದೇ ಶಾಂತಿ. ಅದನ್ನೇ ನಾವು ಪ್ರಗತಿ ಎಂದುಕೊಂಡೆವು. ಮೀನು ಮಾರ್ಕೆಟ್ ಎಂದು ಎಚ್ಚರಿಸಿದ್ದ ನಾನೇ ಆ ಎಚ್ಚರವನ್ನು ಮರೆತೆ. ನಾಲ್ಕು ಜನರ ಒಂದು ಮೇಜಿನ ಮರ್ಯಾದೆಯನ್ನು ಹೊರಗಿನವರೂ ಪಾಲಿಸುತ್ತಾರೆಂದು ನಂಬುವ ಮೂರ್ಖತನಕ್ಕೆ ತಾಳಮದ್ದಲೆಯ ಊರಿನವರೇ ಆಗಬೇಕು.

ಸಂದರ್ಶನದ ಅಭ್ಯಾಸ ಇನ್ನೂ ದಣಿವಿನದ್ದು. ನಿಮ್ಮ ಬಗ್ಗೆ ಹೇಳಿ. ನಿಮ್ಮ ದೌರ್ಬಲ್ಯ ಏನು. ಐದು ವರ್ಷದ ನಂತರ ಎಲ್ಲಿರುತ್ತೀರಿ. ನನ್ನ ಬಗ್ಗೆ ನಾನೇ ಅಷ್ಟು ಸಲ ಹೇಳಿ ಹೇಳಿ, ಅದು ಪಕ್ಕದ ಮನೆಯವರ ಕಥೆಯ ಹಾಗೆ ಕೇಳತೊಡಗಿತು. ದೌರ್ಬಲ್ಯಕ್ಕೆ ನಾನು ಎಲ್ಲರಂತೆ, "ಎಲ್ಲವೂ ಸರಿಯಾಗಿಯೇ ಆಗಬೇಕೆಂಬ ಹಠ" ಎಂದು ಹೇಳುತ್ತಿದ್ದೆ. ಮಾವ ಒಮ್ಮೆ, "ಇದು ದೌರ್ಬಲ್ಯವೋ ಜಾಹೀರಾತೋ?" ಎಂದು ಕೇಳಿದರು.

ಗೆಳತಿಯ ಸರದಿ ಬಂದಾಗ ಅವರು ಕೇಳಿದ್ದು, ಎಂಬಿಎ ಯಾಕೆ ಎಂದು. ಅವಳು ಅಪ್ಪನ ಅಂಗಡಿಯ ಕಥೆ ಹೇಳಿದಳು. ಊರಿನ ಮಂದಿ ಮೊಬೈಲಿನಲ್ಲಿ ಸಾಮಾನು ತರಿಸಲು ಶುರು ಮಾಡಿದ ಮೇಲೆ ಅಂಗಡಿ ಮುಚ್ಚಬೇಕಾದೀತು ಎಂದು ಎಲ್ಲರೂ ಹೇಳುತ್ತಿದ್ದರಂತೆ. ಆದರೆ ಪಾರ್ಸೆಲ್ ತರುವವನಿಗೆ ಗುಡ್ಡದ ಆಚೆಯ ಮನೆಗಳ ದಾರಿ ಗೊತ್ತಿಲ್ಲ, ಕೆಲವು ಕಡೆ ಫೋನಿಗೆ ಸಿಗ್ನಲ್ಲೂ ಇಲ್ಲ. ಹಾಗಾಗಿ ಅವನು ಎಲ್ಲ ಪಾರ್ಸೆಲ್ಲನ್ನೂ ಅಪ್ಪನ ಅಂಗಡಿಯಲ್ಲಿ ಇಟ್ಟು ಹೋಗುತ್ತಾನೆ. ತೆಗೆದುಕೊಂಡು ಹೋಗಲು ಬಂದವರು ಬರಿಗೈಯಲ್ಲಿ ಹೋಗಲು ನಾಚಿಕೆಪಟ್ಟು ಅರ್ಧ ಕಿಲೋ ಬೆಲ್ಲವೋ, ಒಂದು ಸಾಬೂನೋ ಕೊಳ್ಳುತ್ತಾರೆ. "ಅಪ್ಪನಿಗೆ ವ್ಯಾಪಾರ ಜಾಸ್ತಿಯೇ ಆಗಿದೆ ಸರ್," ಎಂದಳು. "ಆದ್ರೆ ಯಾಕೆ ಆಗಿದೆ ಅಂತ ಅಪ್ಪನಿಗೂ ಗೊತ್ತಿಲ್ಲ, ಆ ಕಂಪನಿಯವರಿಗೂ ಗೊತ್ತಿಲ್ಲ. ನನಗೆ ಅದನ್ನು ಕಲೀಬೇಕು."

ಬೆಳ್ತಂಗಡಿಯವನೂ ಆ ಒಂದು ಸಲ ತಮಾಷೆ ಮಾಡಲಿಲ್ಲ. ಮಾವ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಇದನ್ನೇ ಹೇಳು ಮಗಳೇ. ಇದು ನಿನ್ನದು. ಬೇರೆ ಯಾರ ಹತ್ರವೂ ಇಲ್ಲ."

ಮಾರ್ಚಿನಲ್ಲಿ, ಇಬ್ಬರಿಗೂ ಕರೆ ಬಂದಿದ್ದ ಆ ಕಾಲೇಜಿನವರು ಮಂಗಳೂರಿನ ಒಂದು ಹೋಟೆಲಿನಲ್ಲಿ ಆಯ್ಕೆ ಇಟ್ಟರು. ನಾವಿಬ್ಬರೂ ಬಿ.ಸಿ.ರೋಡಿನ ಒಂದೇ ಸೈಬರಿನಲ್ಲಿ, ಅಕ್ಕಪಕ್ಕ ಕೂತು, ಒಬ್ಬರ ಹಿಂದೆ ಒಬ್ಬರು ಅರ್ಜಿ ಹಾಕಿದ್ದೆವು. ಹಾಗಾಗಿ ನಂಬರು ಹಿಂದೆ ಮುಂದೆ, ಹಾಗಾಗಿ ಗುಂಪೂ ಒಂದೇ. ಬಾಗಿಲ ಹೊರಗೆ ಪಟ್ಟಿ ನೋಡಿ ಅವಳು ನನ್ನ ಮೊಣಕೈ ಹಿಂಡಿದಳು.

"ಒಂದೇ ಗುಂಪು ಮಾರಾಯ್ತಿ! ದೇವರು ಉಂಟು."

"ದೇವರಲ್ಲ, ಸೈಬರಿನವ," ಎಂದೆ.

ಹತ್ತು ಜನ. ಅಂಡಾಕಾರದ ಮೇಜು. ಮೂಲೆಯಲ್ಲಿ ಬರೆದುಕೊಳ್ಳಲು ಇಬ್ಬರು. ವಿಷಯ ಓದಿದರು: ಆನ್‌ಲೈನ್ ಮಾರಾಟದ ಎದುರು ಸಣ್ಣ ಊರಿನ ಅಂಗಡಿಗಳು ಉಳಿಯುತ್ತವೆಯೇ?

ನನಗೆ ನಗು ಬರುವುದರಲ್ಲಿತ್ತು. ನಾವು ಅಭ್ಯಾಸ ಮಾಡಿದ ಅಷ್ಟು ದೊಡ್ಡ ಪಟ್ಟಿಯಲ್ಲಿ ಇಲ್ಲದ, ಅವಳಿಗಾಗಿಯೇ ಹೆಣೆದಂಥ ವಿಷಯ. ಆದರೆ ಮರುಕ್ಷಣ ಮೀನು ಮಾರ್ಕೆಟ್ ಶುರುವಾಯಿತು. ಒಬ್ಬ ಅಂಕಿ ಅಂಶ ಎಂದು ಏನನ್ನೋ ಬಿಟ್ಟ, ಇನ್ನೊಬ್ಬ ಅದನ್ನು ಮುರಿದ, ಮೂರನೆಯವಳು "ಎರಡೂ ಕಡೆ ನೋಡಬೇಕು" ಎಂದು ಯಾವ ಕಡೆಯೂ ನೋಡದೆ ಎರಡು ನಿಮಿಷ ತಿಂದಳು. ನಾಲ್ಕನೇ ನಿಮಿಷಕ್ಕೆ ನನಗೆ ಸಂದು ಸಿಕ್ಕಿತು. ಮಾತು ಹಿಡಿದೆ. ಸಣ್ಣ ಊರಿನ ಅಂಗಡಿ ಬರಿಯ ಅಂಗಡಿಯಲ್ಲ ಎಂದು ಶುರು ಮಾಡಿದೆ, ಅದರ ಮುಂದೆ ಹೇಳಲು ನನ್ನ ಬಳಿ ಏನೂ ಇರಲಿಲ್ಲ. ಆಗ ಅವಳ ಅಂಗೈ ಕಂಡಿತು.

ಎದುರಿನ ಸಾಲಿನಲ್ಲಿ, ಹೊಳೆಯುವ ಮರದ ಮೇಲೆ, ಚಪ್ಪಟೆಯಾಗಿ. ನಮ್ಮ ಮೇಜಿನಲ್ಲಿ ಇಡುತ್ತಿದ್ದ ಹಾಗೆಯೇ, ಬೆರಳು ಸ್ವಲ್ಪವೂ ಅಲ್ಲಾಡಿಸದೆ.

ಎರಡು ವಾಕ್ಯ. ಇದಕ್ಕೆ ಇವರು ಏನು ಹೇಳುತ್ತಾರೋ ಕೇಳುವ. ಅಷ್ಟು ಹೇಳಿದ್ದರೆ ಮುಗಿದಿತ್ತು. ಮೂಲೆಯಲ್ಲಿದ್ದ ಒಬ್ಬರು ಪೆನ್ನು ಎತ್ತಿ ನನ್ನನ್ನೇ ನೋಡುತ್ತಿದ್ದರು. ನಾನು ಹೇಳಿದೆ: "ನಮ್ಮ ತಾಲೂಕಿನಲ್ಲಿ ಗುಡ್ಡದ ಪಕ್ಕ ಒಂದು ಅಂಗಡಿ ಇದೆ. ಪಾರ್ಸೆಲ್ ತರುವವನಿಗೆ ಮನೆಗಳ ದಾರಿ ಗೊತ್ತಿಲ್ಲ..." ಬೆಲ್ಲವನ್ನೂ ಬಿಡಲಿಲ್ಲ, ಸಾಬೂನನ್ನೂ ಬಿಡಲಿಲ್ಲ. ಅವಳಿಗಿಂತ ಚೆನ್ನಾಗಿಯೇ ಹೇಳಿದೆ, ಚರ್ಚೆಯಲ್ಲಿ ಪಳಗಿದ ನಾಲಗೆ. ಉಳಿದವರು ಮೊದಲ ಸಲ ಸುಮ್ಮನಾಗಿ ಕೇಳಿದರು. ಪೆನ್ನು ಓಡಿತು.

ಹೇಳುವಷ್ಟು ಹೊತ್ತೂ ನಾನು ಆ ಕೈಯನ್ನು ನೋಡಿದೆ, ಮುಖವನ್ನು ನೋಡಲಿಲ್ಲ. ಕಥೆ ಮುಗಿದಾಗ ಕೈ ಮೇಜಿನ ಮೇಲೆ ಇರಲಿಲ್ಲ. ಉಳಿದ ಹತ್ತು ನಿಮಿಷ ಎಲ್ಲರೂ ನನ್ನ "ಅಂಗಡಿ"ಯನ್ನೇ ಎತ್ತಿ ಎತ್ತಿ ಮಾತಾಡಿದರು. ಅವಳು ಮಾತಾಡಲಿಲ್ಲ. ತನ್ನದೇ ಮಾತನ್ನು ಇನ್ನೊಬ್ಬರು ಆಡಿ ಮುಗಿಸಿದ ಮೇಲೆ ಏನು ಹೇಳುವುದು? "ಹೌದು, ಅದು ನನ್ನ ಅಪ್ಪನ ಅಂಗಡಿ" ಎಂದೇ?

ಅನ್ನಬಹುದಿತ್ತು, ಅದೂ ನಿಜ. ಬಸ್ಸಿನ ಬಾಗಿಲಿಗೆ ಅಡ್ಡ ನಿಂತವಳು ಇಲ್ಲಿಯೂ ಅಡ್ಡ ನಿಲ್ಲಬಹುದಿತ್ತು. ಈ ಒಂದು ಎಳೆಯನ್ನು ಹಿಡಿದು ನಾನು ಎಷ್ಟೋ ಸಲ ನನ್ನ ಪರ ವಾದ ಹೂಡಿದ್ದೇನೆ. ಪ್ರತಿ ಸಲ ಗೆದ್ದಿದ್ದೇನೆ, ಪ್ರತಿ ಸಲ ಗೆದ್ದ ಮೇಲೆ ಸುಮ್ಮನೆ ಸಾಕಾಗುತ್ತದೆ. ಅಜ್ಜಿಗಾಗಿ ನುಗ್ಗಿದವಳು ತನಗಾಗಿ, ಅದೂ ನನ್ನ ಎದುರು, ನುಗ್ಗಬೇಕಿತ್ತು ಎಂದು ಕೇಳಲು ನಾನು ಯಾರು? ಅವಳಿಗೆ ಕಾಯಲು ಕಲಿಸಿದವರಲ್ಲಿ ನಾನೂ ಒಬ್ಬಳು.

ಮಧ್ಯಾಹ್ನ ಸಂದರ್ಶನ. ಮೂವರು ಕೂತಿದ್ದರು. ನನ್ನ ಬಗ್ಗೆ ಕೇಳಿದರು, ಪಕ್ಕದ ಮನೆಯವರ ಕಥೆ ಹೇಳಿದೆ. ಆಮೇಲೆ ನಡುವಿನ ಹೆಂಗಸು ಕೇಳಿದರು, "ಬೆಳಿಗ್ಗೆ ನಿಮ್ಮ ಗುಂಪಿನಲ್ಲಿ ಒಬ್ಬ ಅಭ್ಯರ್ಥಿ ಮಾತಾಡಲೇ ಇಲ್ಲ. ಗಮನಿಸಿದಿರಾ?"

"ಗಮನಿಸಿದೆ," ಎಂದೆ. "ಅವರಿಗೆ ಏನೋ ಹೇಳುವುದಿತ್ತು. ನಾನು ಮಾತು ನಿಲ್ಲಿಸಿ ಅವರನ್ನು ಕರೆಯಬೇಕಿತ್ತು. ಕರೆಯಲಿಲ್ಲ. ಅದು ನನ್ನ ತಪ್ಪು."

ಆ ಹೆಂಗಸು ತಲೆದೂಗಿದರು. ಪಕ್ಕದವರು ಏನೋ ಬರೆದುಕೊಂಡರು. ತಪ್ಪನ್ನು ಒಪ್ಪಿಕೊಳ್ಳುವ ಗುಣ ಅಪರೂಪ ಎಂದು ಅವರು ಹೇಳಿದಾಗ ನಾನು ವಿನಯದಿಂದ ನಕ್ಕೆ. ಆ ಅಭ್ಯರ್ಥಿ ನನ್ನ ಗೆಳತಿ ಎಂದು ಹೇಳಲಿಲ್ಲ. ಅಂಗಡಿ ಅವಳದ್ದು ಎಂದೂ ಹೇಳಲಿಲ್ಲ. ಒಂದೇ ಮೌನದಿಂದ ನಾನು ಎರಡು ಸಲ ಅಂಕ ಪಡೆದೆ, ಬೆಳಿಗ್ಗೆ ಅದನ್ನು ಉಂಟುಮಾಡಿ, ಮಧ್ಯಾಹ್ನ ಅದಕ್ಕೆ ಮರುಗಿ. ನಾನು ತಪ್ಪೊಪ್ಪಿಕೊಂಡದ್ದು ಆ ಮೂವರು ಅಪರಿಚಿತರ ಮುಂದೆ ಮಾತ್ರ.

ಬಸ್‌ಸ್ಟ್ಯಾಂಡಿನಲ್ಲಿ ಅವಳು ಬೆಂಚಿನ ಮೇಲೆ ಕೂತು ಡಬ್ಬಿ ಬಿಚ್ಚಿದಳು. ಸೂರ್ಯ ಮುಳುಗಿದ ಮೇಲೆ ಅವಳು ಉಣ್ಣುವುದಿಲ್ಲ, ಬಸ್ಸಿನಲ್ಲಿ ಹೊತ್ತಾಗುತ್ತದೆ. ಒಂದು ಇಡ್ಲಿ ನನ್ನ ಕಡೆ ಸರಿಸಿ ಕೇಳಿದಳು, "ಎಂತ ಕೇಳಿದ್ರು ನಿನಗೆ?"

"ಎಂತ ಇಲ್ಲ. ಮಾಮೂಲಿ."

"ನನಗೂ." ಡಬ್ಬಿಯ ಮುಚ್ಚಳ ಒತ್ತಿ, "ಸುಸ್ತಾಯ್ತು ಮಾರಾಯ್ತಿ," ಎಂದಳು.

ನಾನು ಫರಂಗಿಪೇಟೆಯಲ್ಲಿ ಇಳಿದೆ. ಅವಳು ಕಿಟಕಿಯಿಂದ ಕೈ ಬೀಸಿದಳು.

ಸೀಟು ಬಂತು, ಸೇರಿದೆ. ಅವಳು ಜೂನ್‌ನಲ್ಲಿ ಬೆಳ್ತಂಗಡಿಯ ಶಾಲೆಗೆ ಮರಳಿದಳು. ಅವಳ ಮನೆಯಲ್ಲಿ ಮತ್ತೆ ಆ ಸುದ್ದಿ ಯಾರೂ ಎತ್ತಲಿಲ್ಲ. ನನ್ನ ಕಾಲೇಜಿನಲ್ಲಿ ದಿನವೂ ಗುಂಪು, ದಿನವೂ ಚರ್ಚೆ, ಎಲ್ಲರೂ ಮಾತಾಡುವವರೇ. ಯಾರ ಮಾತನ್ನೂ ನಂಬದೆ ಕೂತಿರುತ್ತೇನೆ, ನನ್ನದನ್ನೂ ಸೇರಿಸಿ. ಕಣ್ಣು ಮಾತ್ರ ಮೇಜಿನ ಮೇಲಿನ ಕೈಗಳ ಕಡೆ ಹೋಗುತ್ತದೆ. ಅಲ್ಲಿ ಎಲ್ಲರ ಕೈಯಲ್ಲೂ ಫೋನು.

ಮೊನ್ನೆ ರಜೆಯಲ್ಲಿ ಬಂದಾಗ ಮಾವ ಕರೆದರು. ಈ ವರ್ಷ ಐದು ಮಂದಿ ಹೊಸಬರು ಕೂಡಿದ್ದಾರೆ, ಬಂದು ನಾಲ್ಕು ಮಾತು ಹೇಳು ಎಂದು. ಅವಳನ್ನೂ ಕರೆದಿದ್ದರು. ಅದೇ ಮೇಜು, ಅದೇ ಪ್ಲಾಸ್ಟಿಕ್ ಹಾಸು. ಮಾವ ನನ್ನನ್ನು ತೋರಿಸಿ, "ಇವಳು ಗೆದ್ದವಳು," ಎಂದರು. ಹೊಸಬರಲ್ಲಿ ಒಬ್ಬಳು ಗೆಳತಿಯ ಕಡೆ ತಿರುಗಿ, "ಅಕ್ಕ, ನಿಮಗೆ ಯಾಕೆ ಆಗ್ಲಿಲ್ಲ?" ಎಂದು ಕೇಳಿಯೇಬಿಟ್ಟಳು.

ನಾನು ಪ್ಲಾಸ್ಟಿಕ್ ಹಾಸಿನ ಹೂವುಗಳ ಕಡೆ ನೋಡಿದೆ.

"ನನಗಾ? ಹೆದರಿಕೆ," ಎಂದಳು ಅವಳು, ಸಲೀಸಾಗಿ. "ಇಂಗ್ಲಿಷ್ ಕೇಳಿ ಬಾಯಿ ಕಟ್ಟಿಹೋಯ್ತು. ನೀವು ಹಾಗೆ ಮಾಡ್ಬೇಡಿ. ಯಾರಾದ್ರೂ ಕರೀಲಿ ಅಂತ ಕಾಯ್ಬೇಡಿ. ನುಗ್ಗಿ."

ಮಾವ, "ಕೈ ಇಡುವ ನಿಯಮ ಮಾತ್ರ ಬಿಡ್ಲಿಕ್ಕಿಲ್ಲ," ಎಂದರು. ಹೊಸಬರು ನಕ್ಕರು.

ಊರಲ್ಲಿ ಓಡಾಡುವ ಆ ಕಥೆಗೆ ಮೂಲ ಅವಳೇ ಎಂದು ನನಗೆ ತಿಳಿದದ್ದು ಆಗ. ಅವಳು ಅದನ್ನು ನಂಬಿದ್ದಾಳೋ, ನನಗಾಗಿ ಕಟ್ಟಿದ್ದಾಳೋ, ಅಥವಾ ಅದರೊಳಗೆ ನನ್ನ ಹೆಸರು ತರುವುದೂ ಅವಳಿಗೆ ಬೇಡವಾಗಿದೆಯೋ. ಮೂರಕ್ಕೂ ವಾದ ಮಾಡಬಲ್ಲೆ. ಒಂದೂ ನಿಲ್ಲುವುದಿಲ್ಲ.

ಚಹಾ ಮುಗಿದ ಮೇಲೆ ಯಾರೂ ಹೇಳದೆ ಲೋಟಗಳನ್ನೆಲ್ಲ ಒಟ್ಟು ಮಾಡಿ ಒಳಗೆ ಒಯ್ದೆ. ಅತ್ತೆ, "ಬಿಡು, ನಾನು ತೊಳೀತೇನೆ," ಎಂದರು. ಬಿಡಲಿಲ್ಲ. ಅವರು ಹೊರಗೆ ಹೋದರು. ಗೆಳತಿ ಬಂದು, ಗೋಡೆಯ ಮೊಳೆಯಲ್ಲಿದ್ದ ಬೈರಾಸು ಎಳೆದುಕೊಂಡು, ನಾನು ತೊಳೆದು ಇಟ್ಟದ್ದನ್ನು ಒಂದೊಂದಾಗಿ ಒರೆಸತೊಡಗಿದಳು. ಕಿಟಕಿಯ ಹೊರಗೆ ಬಿಸಿಲು ಹಳದಿಯಾಗಿತ್ತು.

"ಹೊತ್ತು ಇಳೀತಾ ಉಂಟು," ಎಂದಳು. "ನಾನು ಹೊರಡ್ತೇನೆ. ಐದೂಕಾಲರದ್ದು ತಪ್ಪಿದ್ರೆ ಮತ್ತೆ ಬಸ್ಸಿಲ್ಲ."

ನಾನು ನಲ್ಲಿ ನಿಲ್ಲಿಸಿದೆ. ಕೊನೆಯ ಲೋಟ ಅವಳ ಕೈಯಲ್ಲಿತ್ತು. ಈ ಸಲವೂ ಮುಖ ನೋಡಲಾಗಲಿಲ್ಲ, ಕೈಯನ್ನೇ ನೋಡಿಕೊಂಡು ಕೇಳಿದೆ.

"ಆ ದಿನ ನಿನ್ನ ಕೈ ನನಗೆ ಕಂಡಿತ್ತು. ಕಂಡ ಮೇಲೆಯೇ ನಾನು ನಿನ್ನ ಅಪ್ಪನ ಅಂಗಡಿಯ ಕಥೆ ಹೇಳಿದ್ದು. ನಿನಗೆ ಅದು ಅಲ್ಲಿಯೇ ಗೊತ್ತಾಗಿತ್ತಾ?"